ವಿಂಡೋಸ್ 10 ಸಪೋರ್ಟ್ ಮುಗೀತು: ಹಳೇ ಕಂಪ್ಯೂಟರ್ ಇಟ್ಕೊಳ್ಳೋದಾ, ಬದಲಾಯ್ಸೋದಾ, ಹೇಗೆ ತೀರ್ಮಾನ ಮಾಡೋದು?

2025ರ ದೀಪಾವಳಿಗೆ ನಮ್ಮೂರು ಸಾಗರಕ್ಕೆ ಹೋಗಿದ್ದೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದು ಹೆಚ್ಚುಕಮ್ಮಿ ಒಂದು ವಾರ ಆಗಿತ್ತು, ಮನೇಲಿ ಚೀಲ ಇಡೋಕೂ ಬಿಡದೆ ಮೂರು ಜನ ಮೂರು ಕಂಪ್ಯೂಟರ್ ತಂದು ಮುಂದಿಟ್ರು. ಅಪ್ಪನ ಹಳೇ ಲ್ಯಾಪ್‌ಟಾಪು, ಮಾವನ ಅಡಿಕೆ ಮಂಡಿಯ ಡೆಸ್ಕ್‌ಟಾಪು, ಅತ್ತಿಗೆಯ ಡಿಟಿಪಿ ಅಂಗಡಿಯ ಧೂಳು ತುಂಬಿದ ಡಬ್ಬ. "ಏನೋ ಮಾರಾಯ ಇದು, ಸಪೋರ್ಟ್ ಇಲ್ಲ ಅಂತಿದೆ, ನಾಳೆ ಆನ್ ಆಗುತ್ತೋ ಇಲ್ವೋ" ಅಂತ ಮಾವ. ಮೂರರಲ್ಲೂ ಒಂದೇ ಮೆಸೇಜು, ಆದ್ರೆ ಕೂತು ನೋಡಿದ್ಮೇಲೆ ಮೂರಕ್ಕೂ ಬೇರೆ ಬೇರೆ ಉತ್ತರ ಬಂತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೀತಿದೀನಿ, ಯಾಕಂದ್ರೆ ಫೋನಲ್ಲಿ ಕೇಳೋರೆಲ್ಲ "ಹೊಸದು ತಗೊಳ್ಳೋದಾ ಬೇಡ್ವಾ ಹೇಳಿ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಯಂತ್ರ ಎಷ್ಟು ಹಳೇದು ಅನ್ನೋದು ಎರಡನೇ ಪ್ರಶ್ನೆ. ಅದರಲ್ಲಿ ಏನ್ ಕೆಲಸ ನಡೀತಿದೆ, ಅದು ಯಾವುದಕ್ಕೆಲ್ಲ ಕನೆಕ್ಟ್ ಆಗಿದೆ ಅನ್ನೋದು ಮೊದಲನೇದು.

ಸಪೋರ್ಟ್ ನಿಂತ್ರೆ ನಿಜವಾಗ್ಲೂ ಏನಾಗುತ್ತೆ

ಮಾರನೇ ದಿನ ಏನೂ ಆಗಲ್ಲ. ಕಂಪ್ಯೂಟರ್ ಆನ್ ಆಗುತ್ತೆ, ಫೈಲ್ ಓಪನ್ ಆಗುತ್ತೆ, ಪ್ರಿಂಟ್ ಬರುತ್ತೆ. ಜನ ಏಮಾರೋದೇ ಅಲ್ಲಿ.

ಪ್ರತಿ ತಿಂಗಳು ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ವೈರಸ್, ಹ್ಯಾಕರ್ ನುಗ್ಗಬಹುದಾದ ತೂತು ಮುಚ್ಚೋ ಪ್ಯಾಚ್‌ಗಳನ್ನ ಬಿಡುತ್ತೆ. ವಿಂಡೋಸ್ 11ಗೆ ಈಗಲೂ ಬಿಡ್ತಿದೆ. ಹತ್ತು ಮತ್ತು ಹನ್ನೊಂದರ ಒಳಗಿನ ಕೋಡ್ ಬೇಕಾದಷ್ಟು ಒಂದೇ ಇರೋದ್ರಿಂದ, ಹನ್ನೊಂದರಲ್ಲಿ ಎಲ್ಲಿ ತೇಪೆ ಹಾಕಿದ್ರು ಅಂತ ನೋಡಿದ್ರೆ ಸಾಕು, ಹತ್ತರಲ್ಲಿ ಎಲ್ಲಿ ತೂತು ಹಾಗೇ ಉಳ್ಕೊಂಡಿದೆ ಅನ್ನೋದು ಗೊತ್ತಿರೋರಿಗೆ ಗೊತ್ತಾಗುತ್ತೆ. ಅಂದ್ರೆ ದಿನ ಕಳೆದ ಹಾಗೆ ಅಪಾಯ ಜಾಸ್ತಿ ಆಗ್ತಾ ಹೋಗುತ್ತೆ, ಒಂದೇ ದಿನ ಬಂದು ಬಡಿಯಲ್ಲ.

"ನಾನು ಯಾವ ಲಿಂಕೂ ಒತ್ತಲ್ಲ, ನಂಗೇನೂ ಆಗಲ್ಲ" ಅಂತ ಅಪ್ಪ. 2017ರ ಮೇ ತಿಂಗಳ ವಾನಾಕ್ರೈ (ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವೈರಸ್) ನೆನಪು ಮಾಡ್ಕೊಳ್ಳಿ. ಅದಕ್ಕೆ ಯಾರೂ ಏನೂ ಒತ್ತಬೇಕಾಗಿರ್ಲಿಲ್ಲ, ನೆಟ್‌ವರ್ಕಲ್ಲಿ ಪಕ್ಕದ ಯಂತ್ರದಿಂದ ಈ ಯಂತ್ರಕ್ಕೆ ತಾನಾಗೇ ಹಾರ್ತಿತ್ತು. ಅದರ ಪ್ಯಾಚ್ ಆ ವರ್ಷ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಳ್ಳದೇ ಇದ್ದೋರು ಸಿಕ್ಕಿಬಿದ್ರು. 2014ರಲ್ಲೇ ಸಪೋರ್ಟ್ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಮೇಲೆ ತುರ್ತಾಗಿ ಒಂದು ಪ್ಯಾಚ್ ಕೊಡ್ತು, ಆದ್ರೆ ಪ್ರತಿ ಸಲ ಹಾಗೆ ಕೊಡ್ತಾರೆ ಅಂತ ನಂಬ್ಕೊಂಡು ಕೂರೋಕಾಗಲ್ಲ.

ಎರಡನೇ ತೊಂದರೆ ನಿಧಾನಕ್ಕೆ ಬರೋದು. ವಿಂಡೋಸ್ 7 ಸಪೋರ್ಟ್ 2020ರ ಜನವರಿ 14ಕ್ಕೆ ನಿಂತ್ರೂ ಕ್ರೋಮ್ ಇನ್ನೂ ಮೂರು ವರ್ಷ ನಡೀತು, 2023ರ ಶುರುವಲ್ಲಿ 109ನೇ ವರ್ಷನ್‌ಗೆ ನಿಂತು ಹೋಯ್ತು. ಬ್ರೌಸರ್ ಹಳೇದಾದ್ಮೇಲೆ ಒಂದೊಂದೇ ವೆಬ್‌ಸೈಟು ಕೈ ಕೊಡೋಕೆ ಶುರು ಮಾಡುತ್ತೆ, ಆಮೇಲೆ ಪ್ರಿಂಟರ್ ಡ್ರೈವರ್, ಆಮೇಲೆ ಟ್ಯಾಕ್ಸ್ ಸಾಫ್ಟ್‌ವೇರು. ಹತ್ತಕ್ಕೂ ಇದೇ ದಾರಿ. ಸದ್ಯಕ್ಕೆ ಸಮಾಧಾನ ಏನಂದ್ರೆ, ಡಿಫೆಂಡರ್ ಆಂಟಿವೈರಸ್‌ನ ಡೆಫಿನಿಷನ್ ಅಪ್‌ಡೇಟ್ 2028ರ ಅಕ್ಟೋಬರ್ ತನಕ ಬರುತ್ತೆ, ಮೈಕ್ರೋಸಾಫ್ಟ್ 365 ಆಪ್‌ಗಳಿಗೂ 2028ರ ಅಕ್ಟೋಬರ್ 10ರ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ. ಆದ್ರೆ ಆಂಟಿವೈರಸ್ ಇದೆ ಅಂತ ಸುಮ್ನಾಗ್ಬೇಡಿ, ಮನೆ ಗೋಡೇಲಿ ತೂತು ಬಿದ್ದಿರೋವಾಗ ಬಾಗಿಲಲ್ಲಿ ವಾಚ್‌ಮನ್ ಇದ್ದು ಏನು ಪ್ರಯೋಜನ. ಇನ್ನೊಂದು ಸಂಗತಿ ಎಷ್ಟೋ ಜನ ಗಮನಿಸಿಲ್ಲ, ಆಫೀಸ್ 2016 ಮತ್ತು 2019ರ ಸಪೋರ್ಟೂ ಅದೇ ಅಕ್ಟೋಬರ್ 14ಕ್ಕೇ ಮುಗಿದಿದೆ.

ಹಂತ 1: ಕೆಲಸದ ಪಟ್ಟಿ, ಪೇಪರಲ್ಲಿ

ಕಂಪ್ಯೂಟರ್ ಆನ್ ಮಾಡೋಕಿಂತ ಮುಂಚೆ ಒಂದು ಹಾಳೆ ತಗೊಳ್ಳಿ. ಈ ಯಂತ್ರದಲ್ಲಿ ಕಳೆದ ಒಂದು ತಿಂಗಳಲ್ಲಿ ಏನೇನ್ ಮಾಡಿದ್ರಿ ಅಂತ ಬರೀರಿ. ಮಾಡಬಹುದಾದ್ದು ಬೇಡ, ಮಾಡಿದ್ದು. ನಮ್ಮೂರಲ್ಲಿ ಬಂದ ಪಟ್ಟಿ ಹೀಗಿತ್ತು.

ಅಪ್ಪ: ಯೂಟ್ಯೂಬಲ್ಲಿ ಯಕ್ಷಗಾನ, ಪೇಪರ್ ಓದೋದು, ಅಮೆರಿಕದಲ್ಲಿರೋ ತಂಗಿ ಜೊತೆ ವಿಡಿಯೋ ಕಾಲ್, ನೆಟ್‌ಬ್ಯಾಂಕಿಂಗಲ್ಲಿ ಎಫ್‌ಡಿ ನೋಡೋದು. ಎಲ್ಲಾ ಬ್ರೌಸರಲ್ಲೇ.

ಮಾವ: ಟ್ಯಾಲಿ (ವ್ಯಾಪಾರದ ಲೆಕ್ಕ ಬರೆಯೋ ಸಾಫ್ಟ್‌ವೇರು), ಜಿಎಸ್‌ಟಿ, ಬ್ಯಾಂಕು, ಎಕ್ಸೆಲಲ್ಲಿ ರೈತರ ಲೆಕ್ಕ, ಆಡಿಟರ್ ಕೇಳಿದಾಗ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್.

ಅತ್ತಿಗೆ: ಪೇಜ್‌ಮೇಕರಲ್ಲಿ ಮದುವೆ ಕಾರ್ಡು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಅರ್ಜಿ ಟೈಪಿಂಗು, ಸರ್ಕಾರಿ ಆನ್‌ಲೈನ್ ಅರ್ಜಿಗಳು, ವಾಟ್ಸಾಪ್ ವೆಬ್‌ನಲ್ಲಿ ಗಿರಾಕಿಗಳು ಕಳಿಸೋ ಫೈಲು, ಅವರ ಪೆನ್‌ಡ್ರೈವು.

ಈಗ ಪ್ರತಿ ಕೆಲಸದ ಮುಂದೆ ಎರಡು ಗುರುತು ಹಾಕಿ. ಇದಕ್ಕೆ ಇಂಟರ್ನೆಟ್ ಬೇಕೇ ಬೇಕಾ? ಇದು ವಿಂಡೋಸ್ ಬಿಟ್ಟು ಬೇರೆ ಕಡೆ ನಡಿಯಲ್ವಾ? ಇಷ್ಟರಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತೆ. ಅಪ್ಪನ ಪಟ್ಟೀಲಿ ವಿಂಡೋಸೇ ಬೇಕು ಅನ್ನೋ ಕೆಲಸ ಒಂದೂ ಇಲ್ಲ. ಮಾವನ ಪಟ್ಟೀಲಿ ಎರಡಕ್ಕೂ ಹೌದು. ಅತ್ತಿಗೆದು ವಿಚಿತ್ರ, ಇಂಟರ್ನೆಟ್ ಬೇಕಾದ ಕೆಲಸ ಬೇರೆ, ಹಳೇ ವಿಂಡೋಸ್ ಬೇಕಾದ ಕೆಲಸ ಬೇರೆ, ಎರಡೂ ಒಂದೇ ಡಬ್ಬದಲ್ಲಿ ಸೇರ್ಕೊಂಡಿದೆ. ಅಪಾಯ ಇದ್ದಿದ್ದೂ ಅದರಲ್ಲೇ ಜಾಸ್ತಿ, ದಿನಕ್ಕೆ ಹತ್ತು ಜನರ ಪೆನ್‌ಡ್ರೈವು ಬಾಯಿಗೆ ಹಾಕ್ಕೊಳ್ಳೋ ಯಂತ್ರ ಅದು.

ಹಂತ 2: ಬ್ಯಾಕಪ್, ಈಗಲೇ

ಮುಂದೆ ಯಾವ ದಾರಿ ಹಿಡಿದ್ರೂ ಇದನ್ನ ಬಿಡೋ ಹಾಗಿಲ್ಲ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋ ಎಲ್ಲ ಕಾಪಿ ಮಾಡಿ. ಜನ ಮರೆಯೋದು ಇವನ್ನ: ಟ್ಯಾಲಿಯ ಡೇಟಾ ಫೋಲ್ಡರ್ (ಎಲ್ಲಿದೆ ಅಂತ ಟ್ಯಾಲಿ ಒಳಗೇ ನೋಡ್ಕೊಳ್ಳಿ, ಒಬ್ಬೊಬ್ರು ಒಂದೊಂದು ಡ್ರೈವಲ್ಲಿ ಇಟ್ಟಿರ್ತಾರೆ), ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್‌ಗಳು, ಫಾಂಟ್‌ಗಳು, ಪ್ರಿಂಟರ್ ಡ್ರೈವರಿನ ಹಳೇ ಸಿಡಿ, ಸಾಫ್ಟ್‌ವೇರ್‌ಗಳ ಲೈಸೆನ್ಸ್ ನಂಬರ್.

ಕಾಪಿ ಆದ್ಮೇಲೆ ಆ ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕೈದು ಫೈಲ್ ಓಪನ್ ಮಾಡಿ ನೋಡಿ. ಓಪನ್ ಮಾಡಿ ನೋಡದ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಲ್ಯಾಪ್‌ಟಾಪ್ ಆದ್ರೆ ಇನ್ನೊಂದು. ಸೆಟ್ಟಿಂಗ್ಸಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಎರಡೂ ಡಿಸ್ಕಿಗೆ ಹಾಕೋ ಬೀಗ) ಆನ್ ಇದ್ಯಾ ನೋಡಿ. ಇದ್ರೆ ರಿಕವರಿ ಕೀ ಅಂತ 48 ಅಂಕಿ ಇರುತ್ತೆ, ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದ್ರೆ ಸಿಗುತ್ತೆ, ಅದನ್ನ ಪೇಪರಲ್ಲಿ ಬರ್ಕೊಳ್ಳಿ. ಬಯೋಸಲ್ಲಿ (ವಿಂಡೋಸ್ ಶುರು ಆಗೋಕೂ ಮುಂಚೆ ಬರೋ ಸೆಟ್ಟಿಂಗ್ಸ್) ಏನಾದ್ರೂ ಬದಲಾಯ್ಸಿದ್ರೆ ಅದು ಆ ಕೀ ಕೇಳುತ್ತೆ, ಇಲ್ಲದೇ ಇದ್ರೆ ಒಳಗಿರೋ ಡೇಟಾ ಹೋದ ಹಾಗೇ.

ಹಂತ 3: ಯಂತ್ರದ ಜಾತಕ ತೆಗೀರಿ

ವಿಂಡೋಸ್ ಕೀ ಜೊತೆ ಆರ್ ಒತ್ತಿ "winver" ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್. ವರ್ಷನ್ 22ಎಚ್2 ಅಂತ ಇರ್ಬೇಕು, ಹತ್ತರ ಕೊನೇ ವರ್ಷನ್ ಅದೇ. ಇಲ್ಲ ಅಂದ್ರೆ ಮೊದ್ಲು ಅದಕ್ಕೆ ಅಪ್‌ಡೇಟ್ ಮಾಡ್ಕೊಳ್ಳಿ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಆದ್ರೆ ಐ3, ಐ5 ಆದ್ಮೇಲೆ ಬರೋ ನಂಬರಿನ ಶುರು ಯಾವ ಪೀಳಿಗೆ ಅಂತ ಹೇಳುತ್ತೆ. 8250 ಅಂದ್ರೆ ಎಂಟನೇದು, 6200 ಅಂದ್ರೆ ಆರನೇದು, 10210 ಅಂದ್ರೆ ಹತ್ತನೇದು. ವಿಂಡೋಸ್ 11ಗೆ ಸಾಮಾನ್ಯವಾಗಿ ಎಂಟನೇದೋ ಅದಕ್ಕಿಂತ ಮೇಲೋ ಬೇಕು. ಎಎಂಡಿ ರೈಜನ್ ಆದ್ರೆ 2000 ಸರಣಿಯಿಂದ ಮೇಲೆ ಅಂತಾರೆ, ಆದ್ರೆ ಅಲ್ಲೊಂದು ಮೋಸ ಇದೆ, ಲ್ಯಾಪ್‌ಟಾಪಲ್ಲಿ ಬರೋ ರೈಜನ್ 5 2500ಯು ಹೆಸರಲ್ಲಿ 2000 ಇದ್ರೂ ಒಳಗೆ ಹಳೇ ಪೀಳಿಗೇದೇ, ಪಟ್ಟೀಲಿ ಇಲ್ಲ. ಅದಕ್ಕೆ ನಂಬರ್ ನೋಡಿ ಊಹೆ ಮಾಡೋಕಿಂತ ಮೈಕ್ರೋಸಾಫ್ಟಿಂದೇ ಪಿಸಿ ಹೆಲ್ತ್ ಚೆಕ್ ಅನ್ನೋ ಆಪ್ ಹಾಕಿ ನೋಡೋದು ಒಳ್ಳೇದು. ಜೊತೆಗೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಕೀಗಳನ್ನ ಭದ್ರವಾಗಿ ಇಡೋ ಸೆಕ್ಯುರಿಟಿ ಭಾಗ), ಸೆಕ್ಯೂರ್ ಬೂಟ್ (ಆನ್ ಆಗೋವಾಗ ನಂಬಿಕಸ್ತ ಸಾಫ್ಟ್‌ವೇರನ್ನ ಮಾತ್ರ ಬಿಡೋ ಕಾವಲು) ಮಾಡಬಲ್ಲ ಯುಇಎಫ್‌ಐ (ಬಯೋಸಿನ ಹೊಸ ರೂಪ) ಇರ್ಬೇಕು. 4 ಜಿಬಿ ಅನ್ನೋದು ಕಾಗದದ ಲೆಕ್ಕ, ನನ್ನ ಕೇಳಿದ್ರೆ 8 ಜಿಬಿ ಮತ್ತು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಇಲ್ಲದೆ ಹನ್ನೊಂದರ ತಂಟೆಗೇ ಹೋಗ್ಬೇಡಿ.

ಅದೇ ಅಬೌಟ್ ಪುಟದಲ್ಲಿ 32 ಬಿಟ್ ಅಂತ ಇದ್ರೆ ಗಮನಿಸಿ. ಹನ್ನೊಂದು 64 ಬಿಟ್ ಮಾತ್ರ, ಹಾಗಾಗಿ ಪ್ರೊಸೆಸರ್ ಸರಿ ಇದ್ರೂ ನೇರವಾಗಿ ಅಪ್‌ಗ್ರೇಡ್ ಆಗಲ್ಲ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬೇಕು.

ಹಂತ 4: ಮೊದ್ಲು ಟೈಮ್ ತಗೊಳ್ಳಿ

ಆತುರದಲ್ಲಿ ಏನೂ ಕೊಳ್ಳೋದು ಬೇಡ ಅಂದ್ರೆ ಮೈಕ್ರೋಸಾಫ್ಟಿನ ಇಎಸ್‌ಯುಗೆ (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಸೇರ್ಕೊಳ್ಳಿ. ಇನ್ನೊಂದು ವರ್ಷ, ಅಂದ್ರೆ 2026ರ ಅಕ್ಟೋಬರ್ 13ರ ತನಕ, ಸೆಕ್ಯುರಿಟಿ ಪ್ಯಾಚ್ ಮಾತ್ರ ಕೊಡೋ ಸ್ಕೀಮ್ ಅದು. ಹೊಸ ಫೀಚರ್ ಇಲ್ಲ, ಟೆಕ್ನಿಕಲ್ ಸಹಾಯ ಇಲ್ಲ, ತೂತು ಮುಚ್ಚೋದಷ್ಟೇ. ನಮಗೆ ಬೇಕಾಗಿರೋದೂ ಅಷ್ಟೇ ಅಲ್ವಾ.

ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ವಿಂಡೋಸ್ ಅಪ್‌ಡೇಟ್. ಅಲ್ಲಿ "ಎನ್‌ರೋಲ್ ನೌ" ಅಂತ ಕಾಣುತ್ತೆ. ಕಾಣದಿದ್ರೆ ಬಾಕಿ ಇರೋ ಅಪ್‌ಡೇಟೆಲ್ಲ ಹಾಕಿ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಅಡ್ಮಿನ್ ಆಗಿರೋ ಮೈಕ್ರೋಸಾಫ್ಟ್ ಅಕೌಂಟು ಬೇಕು, ಲೋಕಲ್ ಅಕೌಂಟಲ್ಲಿ ಇದ್ರೆ ಅಲ್ಲೇ ಸೈನ್ ಇನ್ ಮಾಡೋಕೆ ಕೇಳುತ್ತೆ. ಒಳಗೆ ಮೂರು ದಾರಿ ಇದೆ: ಪಿಸಿ ಸೆಟ್ಟಿಂಗ್ಸನ್ನ ಅಕೌಂಟಿಗೆ ಬ್ಯಾಕಪ್ ಮಾಡೋಕೆ ಒಪ್ಪಿದ್ರೆ ಫ್ರೀ, ಇಲ್ಲ ಅಂದ್ರೆ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್, ಅದೂ ಬೇಡ ಅಂದ್ರೆ 30 ಡಾಲರಿಗೆ ಸಮ ದುಡ್ಡು. ಫ್ರೀ ದಾರಿ ಸಾಕು. ಅಲ್ಲಿ ಸೆಟ್ಟಿಂಗ್ಸ್ ಸಿಂಕ್ ಆದ್ರೆ ಸಾಕು, ಫೋಟೋ ಡಾಕ್ಯುಮೆಂಟ್ ಫೋಲ್ಡರನ್ನೂ ಒನ್‌ಡ್ರೈವಿಗೆ ಹಾಕೋ ಸ್ವಿಚ್ ಆಫ್ ಇಡಿ, ಯಾಕಂದ್ರೆ ಫ್ರೀಯಾಗಿ ಸಿಗೋದು 5 ಜಿಬಿ, ಅದು ಎರಡು ದಿನದಲ್ಲಿ ತುಂಬಿ ಆಮೇಲೆ ದಿನಾ ದುಡ್ಡು ಕಟ್ಟಿ ಅಂತ ಪೀಡಿಸುತ್ತೆ.

ಒಂದೇ ಅಕೌಂಟಲ್ಲಿ 10 ಯಂತ್ರದ ತನಕ ಸೇರಿಸಬಹುದು. ತಡವಾಗಿ ಸೇರಿದ್ರೂ ಹಿಂದಿನ ಪ್ಯಾಚ್‌ಗಳೂ ಬರುತ್ತೆ, ಆದ್ರೆ ಅಲ್ಲಿ ತನಕ ತೂತು ತೆರೆದೇ ಇರುತ್ತೆ, ಹಾಗಾಗಿ ನಾಳೆ ಅನ್ಬೇಡಿ. ಕಂಪನಿಯ ಡೊಮೇನಿಗೆ ಸೇರಿರೋ ಕಂಪ್ಯೂಟರಿಗೆ ಈ ಸ್ಕೀಮ್ ನಡಿಯಲ್ಲ, ಅವರಿಗೆ ಬೇರೆ, ಮೊದಲ ವರ್ಷಕ್ಕೆ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷ ಡಬಲ್.

2011ರಲ್ಲಿ ಕೊಟ್ಟ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನಿಂದ ಮುಗಿಯೋಕೆ ಶುರು ಆಗುತ್ತೆ, ಹೊಸ ಸರ್ಟಿಫಿಕೇಟ್ ಬರೋದು ಅಪ್‌ಡೇಟ್ ಮೂಲಕವೇ. ಅದಿಲ್ಲದಿದ್ರೂ ಯಂತ್ರ ಬೂಟ್ ಆಗುತ್ತೆ, ಗಾಬರಿ ಬೇಡ, ಆದ್ರೆ ಇಎಸ್‌ಯುಗೆ ಸೇರೋಕೆ ಇನ್ನೊಂದು ಕಾರಣ ಅಂತ ಇಟ್ಕೊಳ್ಳಿ.

ಅತ್ತಿಗೆಯ ಅಂಗಡಿಗೆ ಮದುವೆ ಸೀಜನ್ ಹತ್ರ ಬಂದಿತ್ತು, ಆಗ ಯಂತ್ರ ಬಿಚ್ಚೋದು ಅಂದ್ರೆ ಹೊಟ್ಟೆಗೆ ಹೊಡೆದ ಹಾಗೆ, ಅದಕ್ಕೆ ಅವರದ್ದನ್ನ ಆವತ್ತೇ ಇಎಸ್‌ಯುಗೆ ಸೇರಿಸಿ "ಅತ್ತಿಗೆ, ಸೀಜನ್ ಮುಗಿಸ್ಕೊಳ್ಳಿ, ಆಮೇಲೆ ನೋಡೋಣ" ಅಂದೆ.

ಹಂತ 5: ವಿಂಡೋಸ್ 11 ಆಗುತ್ತಾ, ಸರಿಯಾಗಿ ಕೇಳಿ ನೋಡಿ

ಮಾವನ ಮಂಡಿ ಕಂಪ್ಯೂಟರ್ ಐ3 8100, ಎಂಟನೇ ಪೀಳಿಗೆ. ಆದ್ರೂ ಹೆಲ್ತ್ ಚೆಕ್ ಕೆಂಪಗೆ "ಆಗಲ್ಲ" ಅಂತಿತ್ತು. ಯಾವುದೋ ಅಂಗಡಿಯವರು ಬಂದು ನೋಡಿ, ಇದು ಹಳೇದಾಯ್ತು, 45 ಸಾವಿರಕ್ಕೆ ಹೊಸದು ಹಾಕ್ಕೊಡ್ತೀವಿ ಅಂತ ಕೊಟೇಷನ್ನೂ ಬರೆದು ಕೊಟ್ಟಿದ್ರು, ಮಾವ ಅದನ್ನ ಮಡಚಿ ಅಡಿಕೆ ಸ್ಯಾಂಪಲ್ ತಟ್ಟೆ ಕೆಳಗೆ ಇಟ್ಟಿದ್ರು.

ಕೆಂಪಗೆ ಇದ್ದಿದ್ದರಲ್ಲಿ ಮೊದಲನೇದು ಟಿಪಿಎಂ. ಅದು ಯಂತ್ರದಲ್ಲಿ ಇಲ್ಲ ಅಂತ ಅಲ್ಲ, ಬಯೋಸಲ್ಲಿ ಆಫ್ ಆಗಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟೋರು ಎಷ್ಟೋ ಸಲ ಹಾಗೇ ಬಿಟ್ಟಿರ್ತಾರೆ. ರೀಸ್ಟಾರ್ಟ್ ಮಾಡಿ, ಡೆಸ್ಕ್‌ಟಾಪಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀ, ಲ್ಯಾಪ್‌ಟಾಪಲ್ಲಿ ಎಫ್2 ಅಥವಾ ಎಫ್10 ಒತ್ತುತ್ತಾ ಇದ್ರೆ ಬಯೋಸ್ ಬರುತ್ತೆ. ಒಳಗೆ ಸೆಕ್ಯುರಿಟಿ ಅಥವಾ ಅಡ್ವಾನ್ಸ್‌ಡ್ ಅನ್ನೋ ಕಡೆ, ಇಂಟೆಲ್ ಆದ್ರೆ ಪಿಟಿಟಿ ಅಂತ, ಎಎಂಡಿ ಆದ್ರೆ ಎಫ್‌ಟಿಪಿಎಂ ಅಂತ ಇರುತ್ತೆ. ಅದನ್ನ ಎನೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಮಾವನದ್ದು ಅಷ್ಟರಲ್ಲೇ ಮುಗೀಬೇಕಿತ್ತು, ಆದ್ರೆ ಇನ್ನೊಂದು ಗಂಟು ಇತ್ತು: ವಿಂಡೋಸನ್ನ ಯುಇಎಫ್‌ಐ ಬದಲು ಲೆಗಸಿ ಅನ್ನೋ ಹಳೇ ಮೋಡಲ್ಲಿ ಹಾಕಿದ್ರು.

ಇದನ್ನ ನೋಡೋಕೆ ಸರ್ಚಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆಗೆದು ಬಯೋಸ್ ಮೋಡ್ ಅನ್ನೋ ಸಾಲು ನೋಡಿ. ಯುಇಎಫ್‌ಐ ಅಂತಿದ್ರೆ ಏನೂ ಮಾಡೋದು ಬೇಡ. ಲೆಗಸಿ ಅಂತಿದ್ರೆ ಡಿಸ್ಕನ್ನ ಎಂಬಿಆರ್ ಅನ್ನೋ ಹಳೇ ವಿಂಗಡಣೆಯಿಂದ ಜಿಪಿಟಿ ಅನ್ನೋ ಹೊಸದಕ್ಕೆ ಬದಲಾಯ್ಸಬೇಕು, ಅದಕ್ಕೆ ಫಾರ್ಮ್ಯಾಟ್ ಬೇಡ, ವಿಂಡೋಸ್ ಒಳಗೇ ಎಂಬಿಆರ್2ಜಿಪಿಟಿ (mbr2gpt) ಅನ್ನೋ ಕಮಾಂಡ್ ಇದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಆ ಕಮಾಂಡನ್ನ ಮೊದ್ಲು ವ್ಯಾಲಿಡೇಟ್ (/validate) ಆಯ್ಕೆ ಜೊತೆ ಓಡಿಸಿ, ಸರಿ ಇದೆ ಅಂದ್ಮೇಲೆ ಮಾತ್ರ ಕನ್ವರ್ಟ್ (/convert) ಆಯ್ಕೆ, ಎರಡಕ್ಕೂ "ಅಲೋ ಫುಲ್ ಓಎಸ್" (/allowFullOS) ಅನ್ನೋದನ್ನ ಸೇರಿಸ್ಬೇಕು. ಡಿಸ್ಕಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಇದ್ರೆ ಒಪ್ಪಲ್ಲ. ಮುಗಿದ ತಕ್ಷಣ ರೀಸ್ಟಾರ್ಟ್ ಮಾಡಿ ಬಯೋಸಿಗೆ ಹೋಗಿ ಬೂಟ್ ಮೋಡನ್ನ ಯುಇಎಫ್‌ಐ ಮಾಡ್ಲೇಬೇಕು, ಇಲ್ಲಾಂದ್ರೆ ಕಪ್ಪು ಸ್ಕ್ರೀನಲ್ಲಿ ಬೂಟ್ ಡಿವೈಸ್ ಇಲ್ಲ ಅಂತ ಬರುತ್ತೆ. ನಂಗೂ ಬಂತು. ಮಾವ ಹಿಂದೆ ನಿಂತ್ಕೊಂಡು ನೋಡ್ತಿದ್ರು, ಏಳು ವರ್ಷದ ಲೆಕ್ಕ ಅದರೊಳಗೆ, ಬ್ಯಾಕಪ್ ಜೇಬಲ್ಲಿ ಇದ್ದಿದ್ರಿಂದ ನಾನು ಆರಾಮಾಗಿ "ಕಾಫಿ ತರ್ಸಿ ಮಾವ" ಅಂದೆ. ಬೂಟ್ ಮೋಡ್ ಬದಲಾಯ್ಸಿದೆ, ಬಂತು. ಎರಡು ಗಂಟೇಲಿ ಹನ್ನೊಂದು ಕೂತ್ಕೊಳ್ತು, ಲೈಸೆನ್ಸ್ ಹಳೇದೇ ನಡೆಯುತ್ತೆ, ದುಡ್ಡಿಲ್ಲ. ಟ್ಯಾಲಿ ಓಪನ್ ಆಯ್ತು. ಟೋಕನ್ನಿನ ಡ್ರೈವರ್ ಮಾತ್ರ ಮತ್ತೆ ಹಾಕ್ಬೇಕಾಯ್ತು.

ಈಗ ಆರನೇ, ಏಳನೇ ಪೀಳಿಗೆ ಇರೋರ ಪ್ರಶ್ನೆ: ರೂಫಸ್ ಅನ್ನೋ ಟೂಲಲ್ಲಿ ಪೆನ್‌ಡ್ರೈವ್ ಮಾಡ್ಕೊಂಡು ಈ ಚೆಕ್ಕುಗಳನ್ನೆಲ್ಲ ದಾಟಿ ಹನ್ನೊಂದು ಹಾಕ್ಬಹುದಲ್ಲ? ಹಾಕ್ಬಹುದು, ನಡೆಯುತ್ತೆ. ಆದ್ರೆ ಮೈಕ್ರೋಸಾಫ್ಟ್ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡ್ತೀವಿ ಅಂತ ಮಾತು ಕೊಡಲ್ಲ, ಮತ್ತೆ ವರ್ಷಕ್ಕೊಂದು ಬರೋ ದೊಡ್ಡ ವರ್ಷನ್ ತಾನಾಗಿ ಬರಲ್ಲ, ನೀವೇ ಕೂತು ಹಾಕ್ಬೇಕು. ಹಾಕದಿದ್ರೆ ಏನು ಅಂತೀರಾ? ಹನ್ನೊಂದರ ಪ್ರತಿ ಹೋಮ್ ವರ್ಷನ್ನಿಗೂ ಎರಡು ವರ್ಷದ ಆಯಸ್ಸು, 24ಎಚ್2 ಮುಗಿಯೋದೂ 2026ರ ಅಕ್ಟೋಬರ್ 13ಕ್ಕೇ, ಇಎಸ್‌ಯು ಮುಗಿಯೋ ಅದೇ ದಿನ. ನಿಮ್ಮ ಸ್ವಂತ ಆಟದ ಯಂತ್ರಕ್ಕೆ ಮಾಡ್ಕೊಳ್ಳಿ. ದೂರದಲ್ಲಿರೋ ಅಪ್ಪ ಅಮ್ಮನ ಯಂತ್ರಕ್ಕೂ ವ್ಯಾಪಾರದ ಯಂತ್ರಕ್ಕೂ ನಾನಂತೂ ಹಾಕಲ್ಲ, ವರ್ಷಕ್ಕೊಂದು ಸಲ ಬಸ್ ಹತ್ತಿ ಹೋಗೋಕಾಗಲ್ಲ. ಕೋರ್ 2 ಡ್ಯೂಯೋ ಕಾಲದ್ದಾದ್ರೆ 24ಎಚ್2 ಬೂಟೇ ಆಗಲ್ಲ, ಅಲ್ಲಿಗೆ ಆ ಮಾತು ಮುಗೀತು.

ವಿಂಡೋಸ್ 10ರ ಐಒಟಿ ಎಲ್‌ಟಿಎಸ್‌ಸಿ ಅನ್ನೋ ಆವೃತ್ತಿ ಹಾಕಿದ್ರೆ 2032ರ ತನಕ ನಡೆಯುತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಾರೆ. ದಿನಾಂಕ ನಿಜ, ಆದ್ರೆ ಅದು ಎಟಿಎಂ, ಮೆಷಿನ್ ಕಂಟ್ರೋಲರ್ ಥರದ್ದಕ್ಕೆ ಮಾರೋ ಲೈಸೆನ್ಸು, ಮನೆಯೋರಿಗೆ ಅಂತ ಮಾರಲ್ಲ. ಮುನ್ನೂರು ರೂಪಾಯಿಗೆ ಕೀ ಸಿಗುತ್ತೆ ಅನ್ನೋರ ಹತ್ರ ಅದು ಎಲ್ಲಿಂದ ಬಂತು ಅಂತ ಕೇಳಿ ನೋಡಿ.

ಹಂತ 6: ಲಿನಕ್ಸ್, ಹೆದರೋ ಅಗತ್ಯ ಇಲ್ಲ

ಅಪ್ಪನ ಲ್ಯಾಪ್‌ಟಾಪ್ ಐದನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್. ಹನ್ನೊಂದು ಆಗಲ್ಲ, ಹೊಸದು ತಗೊಳ್ಳೋ ಅಷ್ಟು ಕೆಲಸಾನೂ ಇಲ್ಲ. ಇಂಥದ್ದಕ್ಕೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕೋ ಫ್ರೀ ಆಪರೇಟಿಂಗ್ ಸಿಸ್ಟಮ್) ಹೇಳಿ ಮಾಡಿಸಿದ್ದು. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ. ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ತಗೊಳ್ಳಿ. ಇನ್ನು ಕೆಲವರು ಜೋರಿನ್ ಅನ್ನೋ ಇನ್ನೊಂದು ಲಿನಕ್ಸ್ ಹೇಳ್ತಾರೆ, ನೋಡೋಕೆ ವಿಂಡೋಸ್ ಥರ ಇದೆ, ಅದರ 18ನೇ ವರ್ಷನ್ ಬಿಟ್ಟಿದ್ದೂ ಸರಿಯಾಗಿ 2025ರ ಅಕ್ಟೋಬರ್ 14ಕ್ಕೇ, ಕಾದು ಕೂತು ಬಿಟ್ಟ ಹಾಗಿದೆ.

ಇನ್‌ಸ್ಟಾಲ್ ಮಾಡೋ ಮುಂಚೆ ಪೆನ್‌ಡ್ರೈವಿಂದಲೇ ಓಡಿಸಿ ನೋಡಿ, ಇದೇ ಲಿನಕ್ಸಿನ ಸೊಗಸು. 8 ಜಿಬಿ ಪೆನ್‌ಡ್ರೈವಿಗೆ ಐಎಸ್‌ಒ (ಲಿನಕ್ಸಿನ ಇನ್‌ಸ್ಟಾಲ್ ಫೈಲ್) ಬರೆದು ಅದರಿಂದ ಬೂಟ್ ಮಾಡಿದ್ರೆ ಹಾರ್ಡ್‌ಡಿಸ್ಕ್ ಮುಟ್ಟದೆ ಪೂರ್ತಿ ಸಿಸ್ಟಮ್ ನಡೆಯುತ್ತೆ. ಅಲ್ಲಿ ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ, ಮೈಕು, ಲಿಡ್ ಮುಚ್ಚಿ ತೆಗೆದ್ರೆ ಏಳುತ್ತಾ, ಪ್ರಿಂಟ್ ಬರುತ್ತಾ, ಎಲ್ಲ ಒಂದು ದಿನ ನೋಡಿ. ಹಳೇ ಲ್ಯಾಪ್‌ಟಾಪಲ್ಲಿ ವೈಫೈ ಸಿಗದಿದ್ರೆ ಆಂಡ್ರಾಯ್ಡ್ ಫೋನನ್ನ ಕೇಬಲ್ಲಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ಬರುತ್ತೆ, ಆಮೇಲೆ ಡ್ರೈವರ್ ಮ್ಯಾನೇಜರಲ್ಲಿ ವೈಫೈ ಡ್ರೈವರ್ ಹಾಕ್ಕೊಳ್ಳಿ. ಪ್ರಿಂಟರಲ್ಲಿ ಮಾತ್ರ ಎಚ್ಚರ, ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲಿರೋ ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಲಿನಕ್ಸಲ್ಲಿ ಸತಾಯಿಸ್ತವೆ.

ಕನ್ನಡ ಟೈಪಿಂಗಿನ ಬಗ್ಗೆ ಎಲ್ಲರೂ ಕೇಳ್ತಾರೆ. ಬರಹ, ನುಡಿ ವಿಂಡೋಸಿಗೆ ಅಂತ ಮಾಡಿದ್ದು, ಲಿನಕ್ಸಿಗೆ ಅವು ಬೇಡ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಐಬಸ್‌ನ ಎಂ17ಎನ್ (ibus-m17n) ಅನ್ನೋ ಟೈಪಿಂಗ್ ಪ್ಯಾಕೇಜ್ ಹಾಕಿದ್ರೆ ಕನ್ನಡದ ಪಟ್ಟೀಲಿ ಕೆಜಿಪಿ ಅಂತ ಒಂದು ಕೀಲಿಮಣೆ ಸಿಗುತ್ತೆ, ಅದೇ ನಮ್ಮ ನುಡಿ ವಿನ್ಯಾಸ, ಬೆರಳಿಗೆ ಹೊಸದಾಗಿ ಏನೂ ಕಲಿಸ್ಬೇಕಾಗಿಲ್ಲ. ಇನ್‌ಸ್ಕ್ರಿಪ್ಟೂ ಇದೆ. ಗುಬ್ಬಿ, ನವಿಲು ಅನ್ನೋ ಚಂದದ ಕನ್ನಡ ಫಾಂಟೂ ಸಿಗುತ್ತೆ.

ಅಪ್ಪನಿಗೆ ಡೆಸ್ಕ್‌ಟಾಪಲ್ಲಿ ನಾಲ್ಕೇ ಐಕಾನ್ ಇಟ್ಟೆ. ಹಾರ್ಡ್‌ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆ, ನಿಜ ಹೇಳ್ಬೇಕಂದ್ರೆ ಲಿನಕ್ಸಿಗಿಂತ ಅದರಿಂದಲೇ ಜಾಸ್ತಿ ಸ್ಪೀಡ್ ಬಂದಿದ್ದು. ಅವರು ಎರಡು ದಿನ ಬಿಟ್ಟು ಕೇಳಿದ್ದು ಒಂದೇ, "ಆ ನೀಲಿ ಇ ಎಲ್ಲಿ ಹೋಯ್ತು?"

ಹಂತ 7: ವಿಂಡೋಸ್ 10 ಉಳಿಸ್ಕೊಳ್ಳಿ, ನೆಟ್ ಕಿತ್ತಾಕಿ

ಕೆಲವು ಕೆಲಸಕ್ಕೆ ಹಳೇದೇ ಬೇಕು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅಲ್ಲಿಗೇ ಕೊನೆ, ಅದಕ್ಕೆ ಯೂನಿಕೋಡ್ (ಈಗ ಎಲ್ಲ ಕಡೆ ನಡೆಯೋ ಅಕ್ಷರ ಪದ್ಧತಿ) ಕನ್ನಡ ಗೊತ್ತೇ ಇಲ್ಲ, ಆದ್ರೆ ಅತ್ತಿಗೆ ಹತ್ರ ಹದಿನೈದು ವರ್ಷದ ಮದುವೆ ಕಾರ್ಡಿನ ಡಿಸೈನ್ ಅದರಲ್ಲೇ, ನುಡಿಯ ಆಸ್ಕಿ ಅನ್ನೋ ಹಳೇ ಪದ್ಧತಿಯ ಫಾಂಟಲ್ಲೇ ಇದೆ. ಹೊಸ ಕಂಪ್ಯೂಟರಲ್ಲಿ ಅದನ್ನ ಹೇಗೋ ಒದ್ದಾಡಿ ಓಡಿಸೋಕಿಂತ ಹಳೇದನ್ನೇ ಒಂದು ಮೂಲೇಲಿ ನೆಟ್ ಇಲ್ಲದೆ ಇಡೋದು ವಾಸಿ.

ಆದ್ರೆ ನೆಟ್ ಇಲ್ಲ ಅಂದ್ರೆ ಇಲ್ಲ. ಲ್ಯಾನ್ ವೈರ್ ಕಿತ್ತು, ವೈಫೈ ಡಾಂಗಲ್ ತೆಗೆದು ಬೀರುವಲ್ಲಿ ಇಡಿ, ಲ್ಯಾಪ್‌ಟಾಪಾದ್ರೆ ಡಿವೈಸ್ ಮ್ಯಾನೇಜರಲ್ಲಿ ವೈಫೈ ಡಿಸೇಬಲ್ ಮಾಡಿ. ಗಿರಾಕಿ ಪೆನ್‌ಡ್ರೈವ್ ಇದಕ್ಕೆ ಹಾಕೋ ಹಾಗಿಲ್ಲ. ಗಿರಾಕಿ ಫೈಲ್ ಮೊದ್ಲು ನೆಟ್ ಇರೋ, ಅಪ್‌ಡೇಟ್ ಬರ್ತಿರೋ ಯಂತ್ರಕ್ಕೆ ಹೋಗಿ, ಅಲ್ಲಿ ಸ್ಕ್ಯಾನ್ ಆಗಿ, ಅಂಗಡಿದೇ ಒಂದು ಪೆನ್‌ಡ್ರೈವಲ್ಲಿ ಇಲ್ಲಿಗೆ ಬರ್ಬೇಕು. ಆ ಪೆನ್‌ಡ್ರೈವಿಗೆ ಕೆಂಪು ದಾರ ಕಟ್ಟಿಟ್ವಿ, ಗುರುತಿಗೆ.

ಜೊತೆಗೆ ಹಳೇ ಫೈಲನ್ನ ನಿಧಾನಕ್ಕೆ ಯೂನಿಕೋಡಿಗೆ ತರೋಕೆ ಶುರು ಮಾಡಿ. ನುಡಿ, ಬರಹ ಎರಡರಲ್ಲೂ ಕನ್ವರ್ಟರ್ ಇದೆ. ಕನ್ವರ್ಟ್ ಆದ್ಮೇಲೆ ಅರ್ಕಾವತ್ತು, ಒತ್ತಕ್ಷರ, ನಂಬರ್ ಇರೋ ಕಡೆ ಕಣ್ಣಾಡಿಸಿ, ಮದುವೆ ಕಾರ್ಡಲ್ಲಿ "ಸೂರ್ಯ" ಅನ್ನೋ ವರನ ಹೆಸರು ಏನೋ ಆಗಿ ಅಚ್ಚಾದ್ರೆ ಅದನ್ನ ಯಾವ ಅಪ್‌ಡೇಟೂ ಸರಿ ಮಾಡಲ್ಲ.

ಹಂತ 8: ಹೊಸದು ತಗೊಳ್ಳೋದೇ ಆದ್ರೆ

ಸೀಜನ್ ಮುಗಿದ್ಮೇಲೆ ಅತ್ತಿಗೆ ನೆಟ್ ಕೆಲಸಕ್ಕೆ ಅಂತ ಒಂದು ರೀಫರ್ಬಿಶ್ಡ್ ಡೆಸ್ಕ್‌ಟಾಪ್ ತಗೊಂಡ್ರು. ಆಫೀಸುಗಳಿಂದ ಬಂದ ಎಂಟನೇ ಒಂಬತ್ತನೇ ಪೀಳಿಗೆಯ ಯಂತ್ರಗಳು ಬೆಂಗಳೂರಿನ ಎಸ್‌ಪಿ ರೋಡಲ್ಲೂ, ಜಿಲ್ಲಾ ಕೇಂದ್ರಗಳಲ್ಲೂ ಸಿಗ್ತವೆ. ತಗೊಳ್ಳೋವಾಗ ಅಂಗಡೀಲೇ ಆನ್ ಮಾಡ್ಸಿ ಮೂರು ನೋಡಿ: ಅಬೌಟ್ ಪುಟದಲ್ಲಿ ಪ್ರೊಸೆಸರ್ ನಂಬರ್ (ಸ್ಟಿಕ್ಕರ್ ನಂಬ್ಬೇಡಿ), ಟಿಪಿಎಂ 2.0, ಆಕ್ಟಿವೇಷನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ಅಂತ ಇದ್ಯಾ. ಅಪ್ಪಿತಪ್ಪಿ ಆರನೇ ಪೀಳಿಗೆ ತಗೊಂಡ್ರೋ, ಅದೇ ಹಳ್ಳಕ್ಕೆ ದುಡ್ಡು ಕೊಟ್ಟು ಮತ್ತೆ ಬಿದ್ದ ಹಾಗೆ, ಸಪೋರ್ಟ್ ನಿಂತ ಮೇಲೆ ಮಾರ್ಕೆಟಲ್ಲಿ ಅಂಥವೇ ಅಗ್ಗಕ್ಕೆ ಬಂದು ಬೀಳ್ತವೆ.

ಹಳೇ ಯಂತ್ರ ಯಾರಿಗಾದ್ರೂ ಕೊಡೋದಾದ್ರೆ ಸೆಟ್ಟಿಂಗ್ಸಲ್ಲಿ ರೀಸೆಟ್ ದಿಸ್ ಪಿಸಿ, ರಿಮೂವ್ ಎವ್ರಿಥಿಂಗ್, ಒಳಗೆ ಕ್ಲೀನ್ ಡೇಟಾ ಆನ್ ಮಾಡಿ ಅಳಿಸಿ. ಬರೀ ಡಿಲೀಟ್ ಮಾಡಿದ್ರೆ ವಾಪಸ್ ತೆಗೀಬಹುದು. ಕೆಟ್ಟು ಹೋಗಿದ್ರೆ ಗುಜರಿಯವನಿಗೆ ಕೊಡ್ಬೇಡಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮದ ಪ್ರಕಾರ ಅದು ನೋಂದಣಿ ಆಗಿರೋ ರೀಸೈಕ್ಲರ್ ಹತ್ರ ಹೋಗ್ಬೇಕು, ಗುಜರಿಯಲ್ಲಿ ಅದನ್ನ ಸುಟ್ಟು ತಾಮ್ರ ತೆಗೀತಾರೆ. ರೀಸೈಕ್ಲರಿಗೆ ಕೊಡೋ ಮುಂಚೆ ಹಾರ್ಡ್‌ಡಿಸ್ಕ್ ಮಾತ್ರ ಬಿಚ್ಚಿ ಒಂದು ಕವರಲ್ಲಿ ಹಾಕಿ, ಮೇಲೆ ಯಂತ್ರದ ಹೆಸರು, ತಾರೀಕು ಬರೆದು ಇಟ್ಕೊಳ್ಳಿ. ಯುಎಸ್‌ಬಿಯಿಂದ ಸಾಟಾ ಕೇಬಲ್ ಒಂದಿದ್ರೆ ಯಾವಾಗ ಬೇಕಾದ್ರೂ ಓದಬಹುದು. ಮಾವ ಜನವರಿಯಲ್ಲಿ ಫೋನ್ ಮಾಡಿ 2016ರ ಯಾವುದೋ ರಸೀದಿ ಬೇಕಂದ್ರು, ಈ ಕಂಪ್ಯೂಟರಿಗೂ ಹಿಂದಿನ ಕಂಪ್ಯೂಟರಿನ ಡಿಸ್ಕಲ್ಲಿ ಅದು ಸಿಕ್ತು.